ಶಟರ್ ಎನ್‌ಕೋಡರ್: ಫೋನ್ ವಿಡಿಯೋ ಎಡಿಟ್ ಮಾಡೋರು ಒಂದ್ಸಲ ಹಾಕ್ಕೊಂಡು ನೋಡಿ

ಊರಲ್ಲಿ ನಡೆದ ಯಕ್ಷಗಾನ ಆಟನ ಫೋನಲ್ಲಿ ಎರಡೂವರೆ ಗಂಟೆ ರೆಕಾರ್ಡ್ ಮಾಡಿದ್ದೆ, ಆಡಿಯೋ ಮಾತ್ರ ಮೈಕ್‌ಸೆಟ್‌ನೋರ ಮಿಕ್ಸರ್‌ನಿಂದ ಬೇರೆ ರೆಕಾರ್ಡರ್‌ಗೆ ತಗೊಂಡಿದ್ದೆ. ಟೈಮ್‌ಲೈನಲ್ಲಿ ಎರಡನ್ನೂ ಜೋಡಿಸಿದಾಗ ಮೊದಲ ಹತ್ತು ನಿಮಿಷ ಏನೂ ತೊಂದ್ರೆ ಇಲ್ಲ, ಗಂಟೆ ದಾಟಿದ್ದೇ ತಡ ಚಂಡೆ ಪೆಟ್ಟು ಒಂದ್ಕಡೆ, ವೇಷದೋರ ಕಾಲು ಇನ್ನೊಂದ್ಕಡೆ. ಮಾತಿನ ವಿಡಿಯೋ ಆಗಿದ್ರೆ ಹೆಂಗೋ ಮುಚ್ಚಿ ಹಾಕ್ಬಹುದಿತ್ತು, ಯಕ್ಷಗಾನದಲ್ಲಿ ತಾಳ ತಪ್ಪಿದ್ರೆ ಹಿಂದಿನ ಸಾಲಲ್ಲಿ ಕೂತ ಅಜ್ಜನಿಗೂ ಗೊತ್ತಾಗತ್ತೆ.

ಎರಡು ದಿನ ರೆಕಾರ್ಡರನ್ನೇ ಬೈದೆ. ಆಮೇಲೆ ಫೈಲಿನ ವಿವರ ತೋರ್ಸೋ ಮೀಡಿಯಾಇನ್ಫೋ ಅನ್ನೋ ಸಾಫ್ಟ್‌ವೇರಲ್ಲಿ ಫೈಲ್ ಓಪನ್ ಮಾಡಿ ನೋಡಿದ್ರೆ ಫ್ರೇಮ್ ರೇಟ್ ಮೋಡ್ ಅನ್ನೋ ಕಡೆ 'ವೇರಿಯಬಲ್' ಅಂತಿತ್ತು. ಅಂದ್ರೆ ಫೋನು ಸೆಕೆಂಡಿಗೆ 30 ಫ್ರೇಮ್ ಅಂತ ಹೇಳ್ಕೊಂಡ್ರೂ ಬೆಳಕು ಕಮ್ಮಿ ಆದಾಗ, ಬಿಸಿ ಆದಾಗ ಕೈಗೆ ಬಂದಷ್ಟು ಹಿಡಿಯತ್ತೆ. ಪ್ಲೇಯರ್ ಫೈಲಲ್ಲಿರೋ ಟೈಮ್ ನೋಡ್ಕೊಂಡು ತೋರ್ಸತ್ತೆ, ಅದಕ್ಕೆ ವಿಎಲ್‌ಸಿಯಲ್ಲಿ ಎಲ್ಲಾ ಸರಿ ಕಾಣತ್ತೆ. ಎಡಿಟಿಂಗ್ ಟೈಮ್‌ಲೈನ್ ಮಾತ್ರ ಪ್ರತಿ ಫ್ರೇಮೂ ಸಮ ಅಂತರದಲ್ಲಿರಬೇಕು ಅನ್ನತ್ತೆ, ಅಲ್ಲೇ ಎಡವಟ್ಟಾಗೋದು.

ಇದಕ್ಕೆ ನಾನು ಹಿಡಿದಿದ್ದು ಶಟರ್ ಎನ್‌ಕೋಡರ್ ಅನ್ನೋ ವಿಡಿಯೋ ಕನ್ವರ್ಟ್ ಮಾಡೋ ಸಾಫ್ಟ್‌ವೇರ್. ಪಾಲ್ ಪಸಿಫಿಕೊ ಅನ್ನೋರು ಮಾಡಿರೋದು, ದುಡ್ಡಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡತ್ತೆ, ಒಳಗೆ ಕೆಲಸ ಮಾಡೋದು ಎಫ್‌ಎಫ್‌ಎಂಪೆಗ್ ಅನ್ನೋ ಕನ್ವರ್ಟ್ ಎಂಜಿನ್. ಫೈಲ್ ಎಳೆದು ಹಾಕಿ, ಫಂಕ್ಷನ್ ಆರಿಸಿ, ಫ್ರೇಮ್ ರೇಟ್ ಒಂದಕ್ಕೆ ಕಟ್ಟಿ, ಸ್ಟಾರ್ಟ್ ಒತ್ತಿ, ಅಷ್ಟೇ. ಹಾಗೆ ಮಾಡಿದ ಫೈಲ್ ಹಾಕಿದ್ಮೇಲೆ ಕೊನೇ ಮಂಗಳದ ತನಕ ಚಂಡೆ, ಕಾಲು ಎರಡೂ ಒಟ್ಟಿಗೇ ಬಂತು.

ಆದ್ರೆ ಮೊದಲನೇ ಸಲ ತೆಗೆದಾಗ ಗಾಬರಿ ಆಗತ್ತೆ. ಫಂಕ್ಷನ್ ಪಟ್ಟಿಯಲ್ಲಿ ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್, ಎಚ್.264, ಎಚ್.265, ರೀವ್ರ್ಯಾಪ್ ಅಂತ ಸಾಲಾಗಿ ನಿಂತಿರತ್ತೆ, ಯಾವುದು ಯಾಕೆ ಅಂತ ಯಾರೂ ಹೇಳಲ್ಲ. ಹೊಸಬರು ಇಲ್ಲೇ ಮುಚ್ಚಿಬಿಡ್ತಾರೆ. ಅದಕ್ಕೆ ಒಂದು ವಿಷ್ಯ ತಲೇಲಿ ಕೂರ್ಲಿ: ಎಂಪಿ4, ಎಂಕೆವಿ, ಎಂಒವಿ ಇವೆಲ್ಲ ಬರೀ ಡಬ್ಬಿ. ನಮ್ಮನೇಲಿ ಹಾರ್ಲಿಕ್ಸ್ ಬಾಟ್ಲಿಲಿ ಹುಣಸೆಹಣ್ಣು ಇರತ್ತಲ್ಲ, ಹಂಗೇ ಎಂಪಿ4 ಒಳಗೆ ಎಚ್.264 ಇರಬಹುದು, ಎಚ್.265 ಕೂಡ ಇರಬಹುದು, ಇವೆಲ್ಲ ವಿಡಿಯೋನ ಒತ್ತಿ ಚಿಕ್ಕದು ಮಾಡಿಡೋ ಬೇರೆ ಬೇರೆ ವಿಧಾನ, ಅಂದ್ರೆ ಕೋಡೆಕ್. "ಅದೂ ಎಂಪಿ4, ಇದೂ ಎಂಪಿ4, ಒಂದು ಯಾಕೆ ಓಪನ್ ಆಗಲ್ಲ" ಅಂತ ಕೇಳೋರಿಗೆ ಉತ್ತರ ಇಷ್ಟೇ. ರೀವ್ರ್ಯಾಪ್ ಅಂದ್ರೆ ಡಬ್ಬಿ ಮಾತ್ರ ಬದಲಾಯಿಸೋದು, ಒಳಗಿನ ಹುಣಸೆಹಣ್ಣು ಮುಟ್ಟಲ್ಲ, ಕ್ವಾಲಿಟಿ ಒಂಚೂರೂ ಹೋಗಲ್ಲ, ಎಂಕೆವಿನ ಎಂಪಿ4 ಮಾಡೋಕೆ ಇದೇ ಸಾಕು, ಸುಮ್ನೆ ಗಂಟೆಗಟ್ಲೆ ಕನ್ವರ್ಟ್ ಮಾಡ್ಬೇಡಿ. ಫ್ರೇಮ್ ರೇಟ್ ಸರಿಮಾಡೋಕೆ ಮಾತ್ರ ಇದು ಸಾಲಲ್ಲ, ಅದಕ್ಕೆ ಪೂರ್ತಿ ಎನ್‌ಕೋಡೇ ಆಗ್ಬೇಕು, ಅಂದ್ರೆ ಒಳಗಿನ ವಿಡಿಯೋನೇ ಹೊಸದಾಗಿ ಬರೀಬೇಕು.

ಇನ್ನು ಪ್ರೋರೆಸ್ ಯಾಕೆ? ಎಚ್.264, ಎಚ್.265 ಎರಡೂ ಕೆಲವು ಫ್ರೇಮ್ ಮಾತ್ರ ಪೂರ್ತಿ ಇಟ್ಕೊಂಡು ಉಳಿದಿದ್ದಕ್ಕೆ ಏನು ಬದಲಾಯ್ತು ಅಂತ ಮಾತ್ರ ಬರ್ಕೊಳತ್ವೆ. ನೀವು ಮಧ್ಯದಲ್ಲಿ ಎಲ್ಲೋ ಕ್ಲಿಕ್ ಮಾಡಿದ್ರೆ ಕಂಪ್ಯೂಟರ್ ಹಿಂದೆ ಹೋಗಿ ಲೆಕ್ಕ ಹಾಕ್ಕೊಂಡು ಬರಬೇಕು, ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡೋದು ಅದಕ್ಕೇ. 2007ರಲ್ಲಿ ಆಪಲ್ ತಂದ ಪ್ರೋರೆಸ್‌ನಲ್ಲಿ ಪ್ರತಿ ಫ್ರೇಮೂ ಪೂರ್ತಿ ಇರತ್ತೆ, ಕತ್ತರಿಸೋಕೆ ಬೆಣ್ಣೆ.

ಬೆಲೆ ಮಾತ್ರ ಹಾರ್ಡ್‌ಡಿಸ್ಕ್ ಕೊಡತ್ತೆ. 1080ಪಿ, 29.97 ಫ್ರೇಮಿಗೆ ಪ್ರೋರೆಸ್ 422 ಸೆಕೆಂಡಿಗೆ ಸುಮಾರು 147 ಮೆಗಾಬಿಟ್, ಎಂಟರಿಂದ ಭಾಗಿಸಿ, ಸೆಕೆಂಡಿಗೆ 18 ಮೆಗಾಬೈಟ್ ಮೇಲಾಯ್ತು. ನನ್ನ ಎರಡೂವರೆ ಗಂಟೆಗೆ 165 ಜಿಬಿ! ಲೆಕ್ಕ ಹಾಕದೆ ರಾತ್ರಿ ಹಚ್ಚಿ ಮಲಗಿದೆ, ಬೆಳಿಗ್ಗೆ ಡಿಸ್ಕ್ ಫುಲ್, ತಪ್ಪು ನಂದೇ. ಆಮೇಲೆ ಅದರದ್ದೇ ಕಮ್ಮಿ ಕ್ವಾಲಿಟಿ ರೂಪ ಪ್ರೋರೆಸ್ ಪ್ರಾಕ್ಸಿಗೆ ಇಳಿದೆ, 45 ಮೆಗಾಬಿಟ್, 50 ಜಿಬಿ ಆಸುಪಾಸಲ್ಲಿ ಮುಗೀತು. ಕಟ್ಟಿಂಗ್ ಎಲ್ಲ ಪ್ರಾಕ್ಸಿಲಿ, ಕೊನೇ ಎಕ್ಸ್‌ಪೋರ್ಟ್‌ಗೆ ಒಳ್ಳೇ ಕ್ವಾಲಿಟಿ ಫೈಲ್. ಹಾಂ, ಪ್ರೋರೆಸ್ ಮಾಡಿದ್ರೆ ಮಸುಕು ವಿಡಿಯೋ ಚೂಪಾಗತ್ತೆ ಅಂತ ಕೆಲವರು ನಂಬಿದ್ದಾರೆ, ಆಗಲ್ಲ, ಫೋನು ಬಿಟ್ಟಿದ್ದು ಬಿಟ್ಟಂಗೇ.

ಕಟ್ ವಿತೌಟ್ ರೀ-ಎನ್‌ಕೋಡಿಂಗ್ ಅನ್ನೋ ಫಂಕ್ಷನ್ ಕೂಡ ಇಷ್ಟ ಆಯ್ತು, ಚೌಕಿ (ವೇಷ ಹಾಕ್ಕೊಳ್ಳೋ ಜಾಗ) ಕಡೆಯ ಗಲಾಟೆಯೆಲ್ಲ ಅರೆ ನಿಮಿಷದಲ್ಲಿ ತೆಗೆದೆ, ಆದ್ರೆ ಕಟ್ ನೀವು ಹೇಳಿದ ಜಾಗದಲ್ಲೇ ಬೀಳಲ್ಲ, ಪೂರ್ತಿ ಫ್ರೇಮ್ ಇದ್ದಲ್ಲಿ ಬೀಳತ್ತೆ, ಒಂದೆರಡು ಸೆಕೆಂಡ್ ಜಾಸ್ತಿ ಇಟ್ಕೊಳ್ಳಿ.

ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಳೆದಿದ್ದು ಆ ಗಿಜಿಗಿಜಿ ಸ್ಕ್ರೀನಿಗೆ. ಯೂಟ್ಯೂಬಿಗೆ 1080ಪಿ ಹಾಕೋಕೆ ಎಚ್.264, 8 ಮೆಗಾಬಿಟ್ ಸಾಕು, ಅವರೇ ಹೇಳೋ ಲೆಕ್ಕ ಅದು. ವೇಷ ಮಾಡಿದೋರು ವಾಟ್ಸಾಪಲ್ಲಿ ಕೇಳಿದ್ರೆ ಅವರ ಪದ್ಯದ ಹತ್ತು ನಿಮಿಷ ಮಾತ್ರ ಕತ್ತರಿಸಿ ಡಾಕ್ಯುಮೆಂಟ್ ಆಗಿ ಕಳ್ಸಿ, 600 ಎಂಬಿ ಬರತ್ತೆ, ಹೋಗತ್ತೆ.