377 ಓಮ್ ಫಿಲ್ಮ್: ಪಾರದರ್ಶಕ ಹಾಳೆ ಚೆನ್ನ, ಸುತ್ತಿ ಕಳುಹಿಸಿದ್ದು ಕೆಟ್ಟದ್ದು

ಪ್ಲಾಸ್ಟಿಕ್ ಹಾಳೆಯ ಮೇಲೆ ಇಂಡಿಯಂ ಟಿನ್ ಆಕ್ಸೈಡ್ (ವಿದ್ಯುತ್ ಹರಿಯಬಿಡುವ ಪಾರದರ್ಶಕ ವಸ್ತು) ಲೇಪಿಸಿದ ಈ ಫಿಲ್ಮ್ ಅನ್ನು ಧಾರವಾಡದ ನಮ್ಮ ಕಾಲೇಜಿನ ಮೈಕ್ರೋವೇವ್ ಬೆಂಚಿನ ಮೇಲೆ ಕಳೆದ ವರ್ಷದಿಂದ ಬಳಸುತ್ತಿದ್ದೇನೆ. ಲೇಪನ ನೂರು ನ್ಯಾನೋಮೀಟರಿಗಿಂತ ತೆಳುವಾಗಿದ್ದು, ಆಚೆ ಬದಿಯ ಅಕ್ಷರವನ್ನು ಸಲೀಸಾಗಿ ಓದಬಹುದು. ಇಂಥದ್ದು 3 ಸೆಂ.ಮೀ. ಅಲೆಯನ್ನು ಹೀರುತ್ತದೆ ಎಂದರೆ ವಿದ್ಯಾರ್ಥಿಗಳು ಸುಲಭಕ್ಕೆ ನಂಬುವುದಿಲ್ಲ.

ಫಿಲ್ಮ್ ಒಂಟಿಯಾಗಿದ್ದರೆ ಅವರ ಸಂಶಯದಲ್ಲೂ ಹುರುಳಿದೆ. ಚೌಕಕ್ಕೆ 377 ಓಮ್ (ಖಾಲಿ ಜಾಗ ಅಲೆಗೆ ಒಡ್ಡುವ ತಡೆಯಷ್ಟೇ) ರೋಧವುಳ್ಳ ಹಾಳೆ, ಬಿದ್ದ ಶಕ್ತಿಯ ಒಂಬತ್ತು ಪಾಲಿನಲ್ಲಿ ನಾಲ್ಕನ್ನು ಹೀರಿ, ನಾಲ್ಕನ್ನು ಆಚೆ ಬಿಟ್ಟು, ಒಂದನ್ನು ಹಿಂದಿರುಗಿಸುತ್ತದೆ. ಆದರೆ ಅದರ ಹಿಂದೆ 7.5 ಮಿ.ಮೀ. ಅಂತರದಲ್ಲಿ ಅಲ್ಯೂಮಿನಿಯಂ ತಗಡನ್ನು ನಿಲ್ಲಿಸಿದೊಡನೆ, 10 ಗಿಗಾಹರ್ಟ್ಸಿನಲ್ಲಿ (ಅಂದರೆ ಅದೇ 3 ಸೆಂ.ಮೀ. ಅಲೆಗೆ) ಪ್ರತಿಫಲನ ತೋರಿಸುವ ಮೀಟರಿನ ಮುಳ್ಳು ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ. ತಗಡಿನ ಮೈಮೇಲೆ ಸೊನ್ನೆಯಾಗಿರುವ ವಿದ್ಯುತ್ ಕ್ಷೇತ್ರ ಕಾಲು ಅಲೆಯಷ್ಟು ಮುಂದೆ ಗರಿಷ್ಠವಾಗಿರುವುದರಿಂದ, ಅಲ್ಲಿರುವ ಫಿಲ್ಮ್ ಶಕ್ತಿಯನ್ನೆಲ್ಲ ಶಾಖವಾಗಿಸುತ್ತದೆ. ತಗಡನ್ನು ಮೆಲ್ಲಗೆ 15 ಮಿ.ಮೀ.ಗೆ ಸರಿಸಿದರೆ ಮುಳ್ಳು ಮತ್ತೆ ಮೇಲೇರುತ್ತದೆ. ವಿನ್‌ಫೀಲ್ಡ್ ಸಾಲಿಸ್‌ಬರಿ 1952ರಲ್ಲಿ ಪೇಟೆಂಟ್ ಪಡೆದ, ಅಲೆ ಹೀರುವ ಪರದೆಯ ತತ್ತ್ವ ಇದೇ. ಎಷ್ಟು ಬ್ಯಾಚುಗಳಿಗೆ ತೋರಿಸಿದರೂ ನನಗೆ ಬೇಸರ ಬಂದಿಲ್ಲ.

ಇನ್ನು ದೂರು. ಈ ಲೇಪನ ಗಾಜಿನಂತೆ ಪೆಡಸು. ಮಾರಾಟಗಾರರು ಹಾಳೆಯನ್ನು ಸಪೂರ ಕೊಳವೆಯೊಳಗೆ ಬಿಗಿಯಾಗಿ ಸುತ್ತಿ ಕೊರಿಯರ್ ಮಾಡಿದ್ದರು. ಕಣ್ಣಿಗೆ ಯಾವ ಬಿರುಕೂ ಕಾಣದು, ಮಲ್ಟಿಮೀಟರ್ ಮಾತ್ರ ಮುಚ್ಚಿಡುವುದಿಲ್ಲ. ಪ್ರಾಕ್ಟಿಕಲ್‌ಗೆ ಮುಂಚೆ ಗಾಜಿನ ಮೇಲೆ ಚೌಕ ತುಂಡನ್ನು ಹಾಸಿ, ಹತ್ತಿಯಿಂದ ಧೂಳು ಒರೆಸಿ, ಎದುರುಬದುರು ಅಂಚುಗಳ ಪೂರ್ತಿ ಉದ್ದಕ್ಕೂ ತಾಮ್ರದ ಪಟ್ಟಿಗಳನ್ನು ಒತ್ತಿ ರೋಧ ಅಳೆಯುವುದು ನನ್ನ ರೂಢಿ. ಚೌಕ ಚಿಕ್ಕದಿರಲಿ ದೊಡ್ಡದಿರಲಿ, ಅಂಕಿ ಒಂದೇ ಬರಬೇಕು. ಇಲ್ಲಿ ಒಂದು ದಿಕ್ಕಿನಲ್ಲಿ 380ರ ಆಸುಪಾಸು ಇದ್ದರೆ, ಸುತ್ತಿದ ದಿಕ್ಕಿನಲ್ಲಿ 600 ದಾಟುತ್ತದೆ. ಹಾಗಾಗಿ ಹಾಳೆಯನ್ನು 90 ಡಿಗ್ರಿ ತಿರುಗಿಸಿದರೆ ಮುಳ್ಳು ಸೊನ್ನೆಗಿಂತ ಮೇಲೆಯೇ ನಿಲ್ಲುತ್ತದೆ. ಇದರಿಂದ ಧ್ರುವೀಕರಣದ, ಅಂದರೆ ಅಲೆಯ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿನಲ್ಲಿ ತೂಗುತ್ತದೆಂಬುದರ ಪಾಠವನ್ನು ಹೇಳಿಕೊಡಬಹುದು ನಿಜ. ಆ ಪಾಠಕ್ಕೆ ವಿಭಾಗದ ಬಡ ಅನುದಾನದಿಂದ ಇಷ್ಟು ಹಣ ತೆರುವ ಅಗತ್ಯವಿರಲಿಲ್ಲ. ಬದಲಿಸಿ ಕೊಡಿರೆಂದರೆ, ಬಳಕೆಯಿಂದ ಹಾಳಾದದ್ದೆಂಬ ಉತ್ತರ ಬಂತು.

ಇಂಗಾಲ ಲೇಪಿತ ಫಿಲ್ಮ್ ಬಾಗಿದರೂ ಇಷ್ಟು ಬೇಗ ಕೆಡದು. ಆದರೆ ಅದು ಕಪ್ಪು. ಹಿಂದೆ ತಗಡು ಸರಿಯುವುದು ವಿದ್ಯಾರ್ಥಿಗೆ ಕಾಣುವುದಿಲ್ಲ. ಆದ್ದರಿಂದ ನಾನು ಮತ್ತೆ ಪಾರದರ್ಶಕ ಹಾಳೆಯನ್ನೇ ಕೊಳ್ಳುತ್ತೇನೆ, ಎರಡು ರಟ್ಟುಗಳ ನಡುವೆ ಚಪ್ಪಟೆಯಾಗಿ ಕಳುಹಿಸುವುದಾಗಿ ಬರೆದುಕೊಡುವವರಿಂದ ಮಾತ್ರ.