ಬೇಸ್‌ಬಾಲ್ ಇಂಟರ್ನ್‌ಶಿಪ್ ಅಂತ ಹೋಗಿ ಟಾರ್ಪಲ್ ಎಳೆದು ಬಂದೆ

ಜನವರಿ ಕಳೆಯುವಷ್ಟರಲ್ಲಿ ಅಮೆರಿಕದ ಮೈನರ್ ಲೀಗ್, ಅಂದರೆ ಕೆಳಹಂತದ, ಬೇಸ್‌ಬಾಲ್ ತಂಡಗಳು ಬೇಸಿಗೆ ಕೆಲಸಕ್ಕೆ ಹುಡುಗರನ್ನು ಹುಡುಕಲು ಶುರು ಮಾಡುತ್ತವೆ. ನಾನು ಹಿಂದಿನ ಬೇಸಿಗೆಯಲ್ಲಿ ದುಡಿದ ತಂಡದ ಮ್ಯಾನೇಜರ್ ಮೊನ್ನೆ ನನಗೇ ಮೆಸೇಜ್ ಹಾಕಿದ್ದರು. ನಿನ್ನ ಹಾಗೆ ಮೈಮುರಿದು ಕೆಲಸ ಮಾಡುವ ಜೂನಿಯರ್ಸ್ ಯಾರಾದರೂ ಇದ್ದಾರಾ ಅಂತ. ಅದನ್ನು ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟೋ ಡೇಟಾ ಸೈನ್ಸೋ ಓದಲು ಬಂದಿರುವ, ಆಟದ ಹುಚ್ಚೂ ಇರುವ ನಮ್ಮ ಹುಡುಗ ಹುಡುಗಿಯರು ಇಂಥ ಆಫರ್‌ಗೆ ಸಹಿ ಹಾಕುವ ಮೊದಲು ಇದನ್ನೊಮ್ಮೆ ಓದಿ.

ತಂಡದ ಹೆಸರು ಹೇಳಲ್ಲ. ದಕ್ಷಿಣದ ಒಂದು ಸಣ್ಣ ಊರು ಅಂದುಕೊಳ್ಳಿ, ಸಾಕು.

ಮಂಡ್ಯದಲ್ಲಿ ಕ್ರಿಕೆಟ್ ಆಡಿಕೊಂಡು ಬೆಳೆದವನು ನಾನು. ಬೇಸ್‌ಬಾಲ್ ಬಗ್ಗೆ ಗೊತ್ತಿದ್ದದ್ದು ಒಂದೇ ಸುದ್ದಿ. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನವರು ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರನ್ನು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅಂತ, ಪಿಚರ್‌ಗಳಾಗಿ, ಅಂದರೆ ಚೆಂಡೆಸೆಯುವವರಾಗಿ, ಸೇರಿಸಿಕೊಂಡಿದ್ದರು. ಓದಲು ಅಮೆರಿಕಕ್ಕೆ ಬಂದ ಮೇಲೆ ರೂಮ್‌ಮೇಟ್ ಜೊತೆ ನಾಲ್ಕು ಮ್ಯಾಚ್ ನೋಡಿದೆ. ಐದನೆಯದಕ್ಕೆ ಸ್ಕೋರ್‌ಶೀಟ್ ಬರೆಯಲು ಕೂತೆ. ಹೀಗೆ ಹತ್ತಿದ ಹುಚ್ಚು ಅದು. ಆಫರ್ ಬಂದಾಗ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದೆ.

ಪತ್ರದಲ್ಲಿದ್ದ ಹುದ್ದೆ 'ಬೇಸ್‌ಬಾಲ್ ಆಪರೇಷನ್ಸ್ ಅಂಡ್ ಅನಲಿಟಿಕ್ಸ್ ಇಂಟರ್ನ್'. 12 ವಾರ. ಎರಡು ವಾರಕ್ಕೊಮ್ಮೆ 600 ಡಾಲರ್ ಸ್ಟೈಪೆಂಡ್. ಕೆಲಸದ ಗಂಟೆ ಎಷ್ಟು ಅನ್ನುವ ಜಾಗದಲ್ಲಿ ಅಂಕಿಯೇ ಇರಲಿಲ್ಲ. 'ಪಂದ್ಯಗಳ ಅಗತ್ಯಕ್ಕೆ ತಕ್ಕಂತೆ' ಅಂತಿತ್ತು. ನಾನು ಎಡವಿದ್ದು ಅಲ್ಲೇ.

ಇನ್ನೊಂದು ವಿಷಯ ನನಗೆ ಆಗ ಗೊತ್ತಿರಲಿಲ್ಲ. ಮೇಜರ್ ಲೀಗ್‌ನ 30 ತಂಡಗಳ ಕೆಳಗೆ 120 ಮೈನರ್ ಲೀಗ್ ತಂಡಗಳಿವೆ. ಟ್ರಿಪಲ್-ಎ, ಡಬಲ್-ಎ, ಹೈ-ಎ, ಸಿಂಗಲ್-ಎ ಅಂತ ನಾಲ್ಕು ಮೆಟ್ಟಿಲು. 2021ಕ್ಕೆ ಮೊದಲು ಇನ್ನೂ ನಲವತ್ತು ತಂಡ ಇದ್ದವು, ಕಡಿಮೆ ಮಾಡಿದರು. ಇಲ್ಲಿ ಆಟಗಾರರು, ಕೋಚ್‌ಗಳು, ಫಿಸಿಯೋಗಳಿಗೆ ಸಂಬಳ ಕೊಡುವುದು ಮೇಲಿನ ದೊಡ್ಡ ತಂಡ. ಯಾವ ಪಿಚರ್‌ನ ಚೆಂಡು ಎಷ್ಟು ತಿರುಗಿತು ಅಂತ ಲೆಕ್ಕ ಹಾಕುವವರೂ ಅವರ ಜನವೇ. ಊರಿನ ತಂಡದ ಮಾಲೀಕನಿಗೆ ಉಳಿಯುವುದು ಟಿಕೆಟ್, ಬಿಯರ್, ಹಾಟ್‌ಡಾಗ್, ಪಾರ್ಕಿಂಗ್, ಗೋಡೆ ಮೇಲಿನ ಜಾಹೀರಾತು. ನಾನು ಸೇರಿದ್ದು ಈ ಮಾಲೀಕನ ಕಡೆ. ಅಂದರೆ ಆ ಆಫೀಸಿನಲ್ಲಿ ಅನಲಿಟಿಕ್ಸ್ ಅನ್ನುವ ಕೆಲಸವೇ ಇರಲಿಲ್ಲ! ಹುದ್ದೆಯ ಹೆಸರು ಮಾತ್ರ ಇತ್ತು.

ಹಾಗಾದರೆ ಏನು ಮಾಡಿದೆ? ಫೋನ್ ಮಾಡಿದೆ. ಬೆಳಗ್ಗೆ ಒಂಬತ್ತೂವರೆಗೆ ಹೋದರೆ ಕೈಗೊಂದು ಪಟ್ಟಿ ಕೊಡುತ್ತಿದ್ದರು. ಚರ್ಚು, ಶಾಲೆ, ಟೈರ್ ಅಂಗಡಿ, ಹಲ್ಲಿನ ಡಾಕ್ಟರ್. ಅವರಿಗೆಲ್ಲ ಫೋನ್ ಮಾಡಿ ಗುಂಪು ಟಿಕೆಟ್ ಮಾರಬೇಕು. ನನ್ನ ಉಚ್ಚಾರಣೆ ಕೇಳಿದ ತಕ್ಷಣ ಅರ್ಧ ಜನ ಇದು ಮೋಸದ ಕರೆ ಅಂತ ಇಟ್ಟುಬಿಡುತ್ತಿದ್ದರು. ಅವರನ್ನೂ ಬೈಯುವ ಹಾಗಿಲ್ಲ ಬಿಡಿ. ಮಧ್ಯಾಹ್ನ ಕುರ್ಚಿ ಮೇಲಿನ ಹಕ್ಕಿ ಹಿಕ್ಕೆ ಒರೆಸುವುದು, ಸ್ಪಾನ್ಸರ್ ಬ್ಯಾನರ್ ಕಟ್ಟುವುದು. ಸಂಜೆ ಐದೂವರೆಗೆ ಗೇಟು ತೆರೆದರೆ ಆಮೇಲೆ ಉಸಿರಾಡಲು ಬಿಡುವಿಲ್ಲ. ಇನಿಂಗ್ಸ್ ನಡುವೆ ಜನರನ್ನು ಮೈದಾನಕ್ಕೆ ಇಳಿಸಿ, ಬ್ಯಾಟಿನ ತುದಿಗೆ ಹಣೆಯಿಟ್ಟು ಗಿರಗಿರ ಸುತ್ತಿಸಿ ಓಡಿಸುವ ಆಟ ಇರುತ್ತದೆ. ಅವರು ಬಿದ್ದರೆ ಎಬ್ಬಿಸುವವನು ನಾನು. ಮ್ಯಾಚ್ ಮುಗಿದ ಮೇಲೆ ಕಸ. ಶುಕ್ರವಾರವಾದರೆ ಪಟಾಕಿ, ಅದಾದ ಮೇಲೆ ಕಸ.

ಅಮ್ಮ ಒಂದು ದಿನ ವಿಡಿಯೋ ಕಾಲ್‌ನಲ್ಲಿ ನನ್ನ ಕೈಯಲ್ಲಿದ್ದ ಪೊರಕೆ ನೋಡಿಬಿಟ್ಟರು. "ಏನೋ ಮಗ, ಆಟದ ಆಫೀಸಲ್ಲಿ ಕೆಲ್ಸ ಅಂದೆ?" ನಾನು ಲೈನ್ ಕಟ್ಟಾಯ್ತು ಅಂತ ಸುಳ್ಳು ಹೇಳಿದೆ.

ಕೆಲಸ ಕೀಳು ಅಂತ ಹೇಳುತ್ತಿಲ್ಲ. ಕಸ ಗುಡಿಸುವ ಕೆಲಸ ಅಂತ ಹೇಳಿ, ಗಂಟೆಗಿಷ್ಟು ಅಂತ ಕೊಟ್ಟಿದ್ದರೆ ಖುಷಿಯಿಂದ ಗುಡಿಸುತ್ತಿದ್ದೆ.

ಜುಲೈನಲ್ಲಿ ತಂಡದ ಮ್ಯಾಸ್ಕಾಟ್, ಅಂದರೆ ಗುರುತಿನ ಗೊಂಬೆಯ, ವೇಷ ಹಾಕುವವನು ಕೆಲಸ ಬಿಟ್ಟು ಹೋದ. ಎತ್ತರ ಸರಿಹೊಂದುತ್ತದೆ ಅಂತ ನನ್ನನ್ನು ಒಳಗೆ ತೂರಿಸಿದರು. ಜಾತ್ರೆಯಲ್ಲಿ ಗಾರುಡಿ ಗೊಂಬೆ ಹೊತ್ತವರನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಅವರಿಗೆ ಕೆಳಗಿಂದಾದರೂ ಗಾಳಿ ಬರುತ್ತದೆ. ಇದರಲ್ಲಿ ಬಾಯಿಯ ಜಾಲರಿ ಬಿಟ್ಟರೆ ಬೇರೆ ಕಿಂಡಿ ಇಲ್ಲ. ಹಿಂದಿನವನ ಬೆವರಿನ ವಾಸನೆ ಬೇರೆ. ಆರನೇ ಇನಿಂಗ್ಸ್‌ಗೆ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕೂತೆ. ಮಕ್ಕಳು ಅದೂ ಆಟ ಅಂತ ಚಪ್ಪಾಳೆ ತಟ್ಟಿದರು. ಯಾರಾದರೂ ನಿಮ್ಮನ್ನು ಇದರೊಳಗೆ ಹಾಕಿದರೆ ಎರಡು ಕಂಡೀಷನ್ ಹಾಕಿ. ಜೊತೆಗೆ ಒಬ್ಬರು ಯಾವಾಗಲೂ ಇರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ತೆಗೆದು ನೀರು ಕುಡಿಯಲು ಬಿಡಬೇಕು.

ಈಗ ಟಾರ್ಪಲ್ ವಿಷಯ. ಬೇಸ್‌ಬಾಲ್ ಮೈದಾನದ ಒಳಭಾಗದಲ್ಲಿ ಪಿಚರ್ ನಿಲ್ಲುವ ದಿಬ್ಬ, ಆಟಗಾರರು ಓಡುವ ಜಾಗ ಮಣ್ಣಿನದು. ಒದ್ದೆಯಾದರೆ ಆಟ ಮುಗಿಯಿತು. ನಮ್ಮ ಚಿನ್ನಸ್ವಾಮಿಯಲ್ಲಿ ಹುಲ್ಲಿನ ಅಡಿಯಿಂದ ನೀರು ಹೀರುವ ಯಂತ್ರ 2017ರಲ್ಲೇ ಬಂತು. ಇಲ್ಲಿ ಸಣ್ಣ ಊರುಗಳಲ್ಲಿ ಮನುಷ್ಯರೇ ಯಂತ್ರ. ಸುಮಾರು 170 ಅಡಿ ಉದ್ದ, ಅಷ್ಟೇ ಅಗಲದ ಒಂದೇ ಟಾರ್ಪಲ್. ದೊಡ್ಡ ಕೊಳವೆಗೆ ಸುತ್ತಿಟ್ಟಿರುತ್ತಾರೆ. ಮೋಡ ಕವಿದರೆ ವಾಕಿಟಾಕಿಯಲ್ಲಿ ಒಂದೇ ಕೂಗು. ಟಿಕೆಟ್ ಕೌಂಟರಿನವರು, ಅಂಗಡಿಯವರು, ಇಂಟರ್ನ್‌ಗಳು ಎಲ್ಲರೂ ಓಡಬೇಕು. ಹದಿನೈದು ಇಪ್ಪತ್ತು ಜನ ಬೇಕೇ ಬೇಕು. ಆ ದಿನ ನಾವಿದ್ದದ್ದು ಒಂಬತ್ತು.

ಅರ್ಧ ಎಳೆದಿದ್ದೆವು. ಮೂರನೇ ಬೇಸ್ ಕಡೆಯಿಂದ ಗಾಳಿ ಬಂದು ಕೆಳಗೆ ಹೊಕ್ಕಿತು. ಇಡೀ ಹಾಸು ಹಾವಿನ ಹೆಡೆ ಹಾಗೆ ಎದ್ದಿತು. ಊರಲ್ಲಿ ಕಣದ ರಾಶಿಗೆ ಟಾರ್ಪಲ್ ಹೊದಿಸುವಾಗ ಅಪ್ಪ ಕೂಗುತ್ತಿದ್ದದ್ದು ನೆನಪಿದೆ, "ಗಾಳಿ ಹೊಕ್ಕ್ರೆ ಬುಟ್‌ಬುಡು, ಹಿಡ್ಕಬ್ಯಾಡ." ಗೊತ್ತಿದ್ದೂ ಬಿಡಲಿಲ್ಲ. ಯಾಕೆಂದರೆ ಹಿಂದಿನ ವಾರ ಕೈಬಿಟ್ಟ ಒಬ್ಬ ಹುಡುಗನನ್ನು ಎಲ್ಲರೆದುರು ಬೈದಿದ್ದರು. ಹಿಡಿಯ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದೆ, ಜಾರದಿರಲಿ ಅಂತ. ಅದು ನನ್ನನ್ನು ನೆಲದಿಂದ ಎತ್ತಿ ಪಕ್ಕಕ್ಕೆ ಒಗೆಯಿತು. ಟಕ್ ಅಂತ ಮಣಿಕಟ್ಟಿನ ಶಬ್ದ ಮಳೆಯ ನಡುವೆಯೂ ಕೇಳಿಸಿತು. ಮುರಿದಿರಲಿಲ್ಲ, ಲಿಗಮೆಂಟ್ ಹರಿದಿತ್ತು. 1985ರಲ್ಲಿ ಸೇಂಟ್ ಲೂಯಿಸ್‌ನ ವಿನ್ಸ್ ಕೋಲ್ಮನ್ ಅನ್ನುವ ಸ್ಟಾರ್ ಆಟಗಾರನ ಕಾಲಿನ ಮೇಲೆ ಟಾರ್ಪಲ್ ಯಂತ್ರ ಹತ್ತಿ, ಆತ ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ತಪ್ಪಿಸಿಕೊಂಡಿದ್ದ. ಅವನ ಕಥೆ ಎಲ್ಲರಿಗೂ ಗೊತ್ತು.

ಆಫೀಸಿನಲ್ಲಿ ಏನು ಹೇಳಿದರು ಗೊತ್ತಾ? "ಕಾಲೇಜಿನ ಇನ್ಶೂರೆನ್ಸ್‌ನಲ್ಲಿ ತೋರಿಸಿಕೋ." ನಾನು ತೋರಿಸಿಕೊಂಡೆ. ಆಸ್ಪತ್ರೆ ಫಾರ್ಮಿನಲ್ಲಿ 'ಗಾಯ ಎಲ್ಲಿ ಆಯಿತು' ಅನ್ನುವುದಕ್ಕೆ ನಿಜ ಬರೆದೆ. ಇನ್ಶೂರೆನ್ಸ್‌ನವರು ಕೆಲಸದ ಗಾಯ ನಮಗೆ ಸೇರಿದ್ದಲ್ಲ ಅಂತ ಕ್ಲೇಮ್ ವಾಪಸ್ ಕಳಿಸಿದರು. ಕೆಲಸದಲ್ಲಿ ಗಾಯವಾದರೆ ನೋಡಿಕೊಳ್ಳಬೇಕಾದದ್ದು ಮಾಲೀಕರ ವರ್ಕರ್ಸ್ ಕಾಂಪೆನ್ಸೇಶನ್ ವಿಮೆ. ಆ ಕ್ಷಣಕ್ಕೆ ನನಗದು ಹೊಳೆಯಲಿಲ್ಲ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಗಾಯವಾದ ದಿನವೇ, ಒಂದು ಕೈಯಲ್ಲಾದರೂ ಸರಿ, ಏನಾಯಿತು ಅಂತ ಮೇಲ್ ಟೈಪ್ ಮಾಡಿ ಮ್ಯಾನೇಜರ್‌ಗೆ ಕಳಿಸಿ. ನಾನು ಐದು ದಿನ ಬಿಟ್ಟು ಕಳಿಸಿದೆ. ಆ ಐದು ದಿನಕ್ಕೆ ಅವರು ಎರಡು ತಿಂಗಳು ಎಳೆದಾಡಿದರು.

ದುಡ್ಡಿನ ಲೆಕ್ಕ ಕೇಳಿ. ಮೈನರ್ ಲೀಗ್‌ನಲ್ಲಿ ಈಗ ಮಂಗಳವಾರದಿಂದ ಭಾನುವಾರದವರೆಗೆ ಒಂದೇ ತಂಡದ ಜೊತೆ ಆರು ಪಂದ್ಯ, ಸೋಮವಾರ ರಜೆ. ತಂಡ ಊರಲ್ಲಿದ್ದ ವಾರ ನನ್ನ ಡೈರಿಯಲ್ಲಿ 78 ಗಂಟೆ. ಹೊರಗೆ ಹೋದ ವಾರ 45. ಎರಡು ವಾರಕ್ಕೆ 123 ಗಂಟೆ, 600 ಡಾಲರ್. ಗಂಟೆಗೆ ಐದು ಡಾಲರೂ ಬೀಳಲಿಲ್ಲ. ದೇಶದ ಕನಿಷ್ಠ ಕೂಲಿ 2009ರಿಂದ 7.25 ಡಾಲರ್.

ಇದು ಕಾನೂನಿಗೆ ವಿರುದ್ಧ ಅಲ್ವಾ ಅಂತ ನಾನೂ ಕೇಳಿದೆ. ಅಷ್ಟು ಸುಲಭ ಇಲ್ಲ. ಅಮೆರಿಕದ ಕೂಲಿ ಕಾನೂನಿನಲ್ಲೇ ಒಂದು ಕಿಂಡಿ ಇದೆ. ವರ್ಷಕ್ಕೆ 7 ತಿಂಗಳಿಗಿಂತ ಹೆಚ್ಚು ನಡೆಯದ ಮನರಂಜನಾ ಸಂಸ್ಥೆ ಕನಿಷ್ಠ ಕೂಲಿಯನ್ನೂ ಓವರ್‌ಟೈಮನ್ನೂ ಕೊಡಬೇಕಿಲ್ಲ. ಆದಾಯ ಹೆಚ್ಚೂಕಡಿಮೆ ಸೀಸನ್‌ನಲ್ಲೇ ಬರುವ ಸಂಸ್ಥೆಗೂ ಇದೇ ವಿನಾಯಿತಿ. 1995ರಲ್ಲಿ ಸರಸೋಟಾ ವೈಟ್ ಸಾಕ್ಸ್ ಅನ್ನುವ ಮೈನರ್ ಲೀಗ್ ತಂಡದ ಮೈದಾನ ನೋಡಿಕೊಳ್ಳುತ್ತಿದ್ದವನು ಓವರ್‌ಟೈಮ್ ಕೇಳಿ ಕೋರ್ಟಿಗೆ ಹೋಗಿ ಇದೇ ಕಾರಣಕ್ಕೆ ಸೋತ. ಅದೇ ವರ್ಷ ಇನ್ನೊಂದು ಕೋರ್ಟು ಸಿನ್ಸಿನಾಟಿ ರೆಡ್ಸ್‌ನ ರಿಪೇರಿ ಕೆಲಸದವರ ಪರ ಹೇಳಿತು, ಈ ತಂಡ ವರ್ಷಪೂರ್ತಿ ನಡೆಯುತ್ತದೆ ಅಂತ. ಅಂದರೆ ಒಂದೊಂದು ತಂಡದ್ದು ಒಂದೊಂದು ಲೆಕ್ಕ. ರಾಜ್ಯದ ಕಾನೂನು ಕೆಲವು ಕಡೆ ಕಾಪಾಡುತ್ತದೆ. ಆದರೆ ಅಲಬಾಮಾ, ಲೂಸಿಯಾನಾ, ಮಿಸಿಸಿಪ್ಪಿ, ಟೆನೆಸ್ಸಿ, ಸೌತ್ ಕೆರೊಲಿನಾ, ಈ ಐದು ರಾಜ್ಯಗಳಿಗೆ ತಮ್ಮದೇ ಆದ ಕನಿಷ್ಠ ಕೂಲಿ ಕಾನೂನೇ ಇಲ್ಲ. ನಾನಿದ್ದದ್ದು ಇವುಗಳಲ್ಲೊಂದು.

ಆಟಗಾರರ ಸ್ಥಿತಿಯೂ ಮೊದಲು ಹೀಗೇ ಇತ್ತು. ಅವರು ಕೋರ್ಟಿಗೆ ಹೋದರು, 2022ರಲ್ಲಿ 185 ಮಿಲಿಯನ್ ಡಾಲರ್‌ಗೆ ರಾಜಿಯಾಯಿತು. ಅದೇ ವರ್ಷ ಯೂನಿಯನ್ ಸೇರಿದರು, ಇರಲು ಮನೆಯೂ ಸಿಕ್ಕಿತು. 2023ರಿಂದ ಸಿಂಗಲ್-ಎ ಆಟಗಾರನಿಗೂ ವರ್ಷಕ್ಕೆ ಕಡಿಮೆ ಅಂದರೆ 26,200 ಡಾಲರ್. ಒಳ್ಳೇದೇ ಆಯಿತು. ಆದರೆ ಆ ಒಪ್ಪಂದದಲ್ಲಿ ಟಾರ್ಪಲ್ ಎಳೆಯುವವನ ಹೆಸರಿಲ್ಲ. ನನ್ನ ರೂಮಿಗೆ ತಿಂಗಳಿಗೆ 550 ನಾನೇ ಕೊಟ್ಟೆ. ರಾತ್ರಿ ಹನ್ನೆರಡಕ್ಕೆ ಬಸ್ಸಿಲ್ಲ, ಕಾರಿಲ್ಲದವನಿಗೆ ಊಬರ್ ಬೇರೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಸಿಪಿಟಿ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಕ್ಯಾಂಪಸ್ ಹೊರಗೆ ಇಂಟರ್ನ್‌ಶಿಪ್ ಮಾಡಬೇಕಾದರೆ ಈ ಅನುಮತಿ (ಕರಿಕ್ಯುಲರ್ ಪ್ರಾಕ್ಟಿಕಲ್ ಟ್ರೈನಿಂಗ್) ಬೇಕು. ನಮ್ಮ ಯೂನಿವರ್ಸಿಟಿಯಲ್ಲಿ ಅದಕ್ಕೆ ಮೂರು ಕ್ರೆಡಿಟ್‌ನ ಕೋರ್ಸ್ ತೆಗೆದುಕೊಳ್ಳಬೇಕಿತ್ತು. ಫೀಸು 2,700 ಡಾಲರ್. ಬೇಸಿಗೆಯೆಲ್ಲ ದುಡಿದು ಬಂದದ್ದು 3,600. ಅಂದರೆ ಊಟ, ಬಾಡಿಗೆಯನ್ನೂ ಸೇರಿಸಿದರೆ, ನಾನೇ ದುಡ್ಡು ಕೊಟ್ಟು ಕುರ್ಚಿ ಒರೆಸಿದ ಹಾಗಾಯಿತು. ಇದನ್ನು ಸಹಿ ಹಾಕುವ ಮೊದಲು ಒಂದು ಚೀಟಿಯಲ್ಲಿ ಬರೆದಿದ್ದರೆ ಐದು ನಿಮಿಷದ ಕೆಲಸ.

ಬಿಟ್ಟು ಬರಬಹುದಿತ್ತಲ್ಲ ಅನ್ನಬೇಡಿ. ಯೂನಿವರ್ಸಿಟಿ ಕೊಡುವ ಐ-20 ಅನ್ನುವ ಪತ್ರದಲ್ಲಿ ಸಿಪಿಟಿ ಬರೆಯುವುದು ಒಬ್ಬ ಮಾಲೀಕ, ಇಂತಿಷ್ಟು ದಿನ ಅಂತ. ಬಿಟ್ಟರೆ ಬೇರೆ ಕಡೆ ಸುಮ್ನೆ ಸೇರುವ ಹಾಗಿಲ್ಲ, ಮತ್ತೆ ಅನುಮತಿ ಬೇಕು. ನಮ್ಮ ಮ್ಯಾನೇಜರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಆಗಸ್ಟಿನಲ್ಲಿ ಒಂದು ದಿನ, ಮಾಲೀಕರ ಇನ್ನೊಂದು ಕಂಪನಿಯ ಹಾಲ್‌ನಲ್ಲಿ ಮದುವೆ ಇದೆ, ಬಡಿಸಲು ಬಾ, ಕೈಗೆ ನೂರು ಡಾಲರ್ ಅಂದರು. ನೂರು ಡಾಲರ್ ಆಗ ನನಗೆ ದೊಡ್ಡದೇ. ಯಾಕೋ ಅನುಮಾನ ಬಂದು ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವೀಸಾ ವಿಷಯ ನೋಡಿಕೊಳ್ಳುವ ಡಿಎಸ್‌ಒ ಮೇಡಂಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಲೂ ಇಲ್ಲ. ಬೇಡ, ಅದು ಬೇರೆ ಕಂಪನಿ, ವೀಸಾ ಸ್ಟೇಟಸ್ಸೇ ಹೋಗುತ್ತದೆ ಅಂದರು. ಹುದ್ದೆಯ ಹೆಸರೊಂದು, ಕೆಲಸವೊಂದು ಅಂತ ಗೊತ್ತಾದ ಮೊದಲ ವಾರವೇ ಅವರಿಗೆ ಹೇಳಬೇಕಿತ್ತು. ಸಿಪಿಟಿ ಕೆಲಸ ಓದಿಗೆ ಸಂಬಂಧಪಟ್ಟಿರಲೇಬೇಕು. ನಾನು ನಾಚಿಕೆಯಿಂದ ಮುಚ್ಚಿಟ್ಟೆ.

ಒಳ್ಳೆಯದು ಏನೂ ಇರಲಿಲ್ಲವಾ ಅಂದರೆ ಒಂದಿತ್ತು. ಹೊಸ ಚೆಂಡು ನುಣುಪು, ಪಿಚರ್ ಕೈಗೆ ನಿಲ್ಲಲ್ಲ. ಅದಕ್ಕೆ ಮ್ಯಾಚಿಗೆ ಮೊದಲು ಒಂದೊಂದಕ್ಕೂ ಕೆಸರು ಉಜ್ಜುತ್ತಾರೆ. ಎಲ್ಲಿಯದೋ ಕೆಸರಲ್ಲ, ನ್ಯೂಜೆರ್ಸಿ ಕಡೆ ಡೆಲವೇರ್ ನದಿಗೆ ಸೇರುವ ಒಂದು ಹಳ್ಳದ್ದು, ಡಬ್ಬಿಯಲ್ಲಿ ಬರುತ್ತದೆ. ಡ್ರೆಸ್ಸಿಂಗ್ ರೂಮ್ ನೋಡಿಕೊಳ್ಳುವ ವಯಸ್ಸಾದವರೊಬ್ಬರು ನನಗೆ ಕಲಿಸಿದರು. ಬೆರಳ ತುದಿಗೆ ಚೂರು ಕೆಸರು, ಎರಡು ಹನಿ ನೀರು, ಅಂಗೈ ನಡುವೆ ಚೆಂಡು ತಿರುಗಿಸುತ್ತಾ ಹೋಗುವುದು. ಬಿಳಿ ಹೋಗಿ ಮಾಸಲು ಬಣ್ಣ ಬರಬೇಕು, ಹೊಲಿಗೆಯಲ್ಲಿ ಮಣ್ಣು ನಿಲ್ಲಬಾರದು. ನಮ್ಮೂರ ಕೆರೆ ಹೂಳಿನಷ್ಟೇ ನಯ. ಇಡೀ ಬೇಸಿಗೆಯಲ್ಲಿ ಬೇಸ್‌ಬಾಲ್ ಬಗ್ಗೆ ನನಗೆ ಏನಾದರೂ ಹೇಳಿಕೊಟ್ಟವರು ಅವರೊಬ್ಬರೇ. ಮಣಿಕಟ್ಟಿಗೆ ಪಟ್ಟಿ ಬಿದ್ದ ಮೇಲೆ ಅದೂ ನಿಂತಿತು.

ಕೊನೆಗೊಂದು ಮಾತು, ಪೇ ಸ್ಲಿಪ್ ತೆಗೆದು ನೋಡಿ. ಎಫ್-1ನಲ್ಲಿ ಬಂದು ಐದು ವರ್ಷ ತುಂಬದವರಿಗೆ ಸಾಮಾನ್ಯವಾಗಿ ಸೋಶಿಯಲ್ ಸೆಕ್ಯೂರಿಟಿ (ಪಿಂಚಣಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ತೆರಿಗೆ ಕಡಿತ ಇಲ್ಲ. ನನ್ನದರಲ್ಲಿ ಪ್ರತಿ ಸಲ 7.65 ಶೇಕಡಾ, ಅಂದರೆ 45 ಡಾಲರ್ 90 ಸೆಂಟ್ಸ್ ಕತ್ತರಿಸಿದ್ದರು. ಆರು ಸಲಕ್ಕೆ 275 ಡಾಲರ್ 40 ಸೆಂಟ್ಸ್. ಮೊದಲು ಮಾಲೀಕರನ್ನೇ ಕೇಳಬೇಕು. ಕೇಳಿದೆ, ಅಕೌಂಟೆಂಟ್ ನೋಡುತ್ತಾರೆ ಅಂದರು. ಅಕೌಂಟೆಂಟ್ ನೋಡಲಿಲ್ಲ. ಆಮೇಲೆ ದುಡ್ಡು ವಾಪಸ್ ಕೇಳಿ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಫಾರ್ಮ್ 843, ಜೊತೆಗೆ 8316 ತುಂಬಿ ಅಂಚೆಗೆ ಹಾಕಿದೆ. ಮ್ಯಾನೇಜರ್‌ನ ಮೆಸೇಜ್‌ಗೆ ಉತ್ತರವಾಗಿ ಆ ರಸೀದಿಯ ಫೋಟೋ ಕಳಿಸಿದ್ದೇನೆ. ನೀಲಿ ಟಿಕ್ ಬಿದ್ದಿದೆ, ಮಾತಿಲ್ಲ.