ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಫ್ಲಾಟ್ ನೋಡ್ತಿದ್ದೀರಾ? ಟೋಕನ್ ಕೊಡೋ ಮುಂಚೆ ಇದನ್ನು ಓದಿ

ನನಗೆ ಫ್ಲಾಟ್ ತೋರಿಸಿದ ಮನುಷ್ಯ ನಮ್ಮ ಉಡುಪಿ ಕಡೆಯವನೇ. 'ಊರಿನವರು ಅಂತ ನಿಮಗೇ ಮೊದಲು ಹೇಳ್ತಿದ್ದೇನೆ ಅಣ್ಣಾ' ಅಂದ. ಇನ್ನೂ ಕಟ್ಟುತ್ತಿರುವ ಬಿಲ್ಡಿಂಗ್, ಟೂ ಬಿಎಚ್‌ಕೆ, 58 ಲಕ್ಷ. ಮೊದಲು ಬುಕ್ ಮಾಡಿದವರು ಮಾರುತ್ತಿದ್ದಾರೆ, ತಾನು ಬರೀ ಏಜೆಂಟ್ ಅಂತ ಹೇಳಿದ. 2 ಲಕ್ಷ ಟೋಕನ್ (ಮುಂಗಡ) ಚೆಕ್ ಕೊಟ್ಟೆ, ಮೇಲೆ ಶೇ. 2 ಬ್ರೋಕರೇಜ್ ಅಂದ. ಓನರ್ ಹತ್ತಿರ ಮಾತಾಡ್ತೇನೆ ಅಂದಾಗಲೆಲ್ಲ, 'ಅವರು ನಾಶಿಕ್‌ನಲ್ಲಿದ್ದಾರೆ, ವಯಸ್ಸಾಗಿದೆ' ಅನ್ನುತ್ತಿದ್ದ.

ಎನ್‌ಒಸಿ (ಮಾರಾಟಕ್ಕೆ ಬಿಲ್ಡರ್ ಕೊಡುವ ಒಪ್ಪಿಗೆ ಪತ್ರ) ವಿಚಾರಿಸಲು ಬಿಲ್ಡರ್ ಆಫೀಸಿಗೆ ಹೋದರೆ ಓನರ್ ಅಲ್ಲೇ ಸಿಕ್ಕರು. ಇರೋದು ನಾಶಿಕ್ ಅಲ್ಲ, ಪಕ್ಕದ ಠಾಕುರ್ಲಿ! ಅವರಿಗೆ ಇವನು ಮಾತಾಡಿದ್ದ ರೇಟು 51 ಲಕ್ಷ. ಬ್ಯಾಗಿನಿಂದ ಇವನ ಜೊತೆ ಮಾಡಿಕೊಂಡ ಎಂಒಯು (ಒಪ್ಪಂದದ ಪತ್ರ) ತೆಗೆದು ತೋರಿಸಿದರು. 500 ರೂಪಾಯಿ ಸ್ಟ್ಯಾಂಪ್ ಪೇಪರ್, ನೋಟರಿ ಸೀಲು, ಖರೀದಿದಾರ 'ಇವನು ಅಥವಾ ಇವನು ಹೇಳಿದವರು'. ತಾರೀಕು ನೋಡಿದೆ. ನನ್ನ ಚೆಕ್ ಪಾಸಾದ ಮೇಲಿನದು. ಅಂದರೆ ನನ್ನ ದುಡ್ಡನ್ನೇ ಅವರಿಗೆ ಟೋಕನ್ ಕೊಟ್ಟು, ನಡುವೆ 7 ಲಕ್ಷ ಹೊಡೆಯುವ ಲೆಕ್ಕ.

ಕೊಂಡು ಮಾರಿ ಲಾಭ ಮಾಡೋದು ತಪ್ಪಲ್ಲ. ಮುಂಬೈಯಲ್ಲಿ ಅಂಥ ಇನ್ವೆಸ್ಟರ್‌ಗಳು ಬೇಕಾದಷ್ಟಿದ್ದಾರೆ. ಆದರೆ ಅವರು ತಮ್ಮ ದುಡ್ಡು ಹಾಕಿರುತ್ತಾರೆ, ಅಗ್ರಿಮೆಂಟ್ ಅವರ ಹೆಸರಲ್ಲಿ ರಿಜಿಸ್ಟರ್ ಆಗಿರುತ್ತದೆ. ಇವನು ಇಬ್ಬರಿಗೂ ನಿಮ್ಮ ಏಜೆಂಟ್ ಅಂತ ಹೇಳಿ, ಇಬ್ಬರಿಂದಲೂ ರೇಟು ಮುಚ್ಚಿಟ್ಟ.

ಲೈಸೆನ್ಸ್ ವಿಷಯ ಇನ್ನೂ ಮಜವಾಗಿದೆ. ವಿಸಿಟಿಂಗ್ ಕಾರ್ಡಿನಲ್ಲಿ ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಏನೋ ಇತ್ತು, 'ಪಿ'ಯಿಂದ ಶುರುವಾಗುವಂಥದ್ದು. ಅದು ಪ್ರಾಜೆಕ್ಟ್ ನಂಬರ್. ಏಜೆಂಟರದ್ದು 'ಎ'ಯಿಂದ ಶುರುವಾಗುತ್ತದೆ. ಬಿಲ್ಡಿಂಗ್ ನಂಬರನ್ನೇ ತನ್ನದು ಅಂತ ಅಚ್ಚು ಹಾಕಿಸಿಕೊಂಡಿದ್ದಾನೆ! ರೇರಾದಲ್ಲಿರುವ ಪ್ರಾಜೆಕ್ಟಿನ ಫ್ಲಾಟ್ ಮಾರಿಸುವ ಏಜೆಂಟ್ ನೋಂದಣಿ ಮಾಡಿಸಿರಲೇಬೇಕು, 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಫ್ಲಾಟ್ ಬೆಲೆಯ ಶೇ. 5ರವರೆಗೂ ಹೋಗಬಹುದು. ಮಹಾರಾಷ್ಟ್ರದಲ್ಲಿ ಈಗ ಏಜೆಂಟರು ಪರೀಕ್ಷೆಯನ್ನೂ ಪಾಸಾಗಬೇಕು.

ಮಹಾರೇರಾ ವೆಬ್‌ಸೈಟಿನಲ್ಲಿ ಏಜೆಂಟ್ ಹೆಸರು ಹುಡುಕಲು ಎರಡು ನಿಮಿಷ ಸಾಕು. ಹಳೇ ಬಿಲ್ಡಿಂಗ್‌ನ ರೀಸೇಲ್ ಆದರೆ ಅಲ್ಲಿ ಏನೂ ಸಿಗದೇ ಇರಬಹುದು. ಹೊಸದಾಗಲಿ ಹಳೇದಾಗಲಿ, 'ಇಂಡೆಕ್ಸ್ ಟೂ' (ರಿಜಿಸ್ಟರ್ ಆದ ಅಗ್ರಿಮೆಂಟಿನ ಸರ್ಕಾರಿ ಸಾರಾಂಶ) ತೋರಿಸಿ ಅನ್ನಿ. ಅದರಲ್ಲಿ ಹೆಸರಿರುವ ಓನರನ್ನು ಖುದ್ದಾಗಿ ಕಂಡು, ಅವರ ಖಾತೆಗೇ ಟೋಕನ್ ಹಾಕಿ. ಓನರ್ ಭೇಟಿಗೆ ನೆಪ ಹೇಳುವವನ ಹತ್ತಿರ ಮಾತು ಬೆಳೆಸಲೇಬೇಡಿ.

ಓನರ್ ಒಳ್ಳೆಯವರು, ತಮಗೆ ಬಂದಿದ್ದ 1 ಲಕ್ಷವನ್ನು ನನಗೇ ಕೊಟ್ಟುಬಿಟ್ಟರು. ಇವನ ಹತ್ತಿರ ಉಳಿದದ್ದು ಇನ್ನೂ ಬಂದಿಲ್ಲ. ಮುಂದಿನ ಗಿರಾಕಿ ಸಿಕ್ಕಿದ ಕೂಡಲೇ ಕೊಡ್ತಾನಂತೆ.